ಎಲ್ಲಿ ನಿಂತು ಕೇಳುತ್ತೀ?

ಬೇಸ್ ಗಿಟಾರ್ ನುಡಿಸುತ್ತೇನೆ ಎಂದರೆ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, ಅದಕ್ಕೆ ನಾಲ್ಕೇ ತಂತಿ ಯಾಕೆ ಎಂಬುದು. ಎರಡನೆಯದು, ಹಾಡಿನಲ್ಲಿ ಅದು ಕೇಳಿಸುವುದು ಎಲ್ಲಿ ಎಂಬುದು. ಮೊದಲನೆಯದಕ್ಕೆ ಏನಾದರೊಂದು ಉತ್ತರ ಕೊಟ್ಟು ಪಾರಾಗಬಹುದು. ಎರಡನೆಯ ಪ್ರಶ್ನೆ ಮಾತ್ರ ನನ್ನನ್ನು ಕೆಲವು ವರ್ಷಗಳಿಂದ ಬಿಡದೆ ಕಾಡುತ್ತಿದೆ. ಅದರ ಹಿಂದೆ ಹೋದವನು ಸಂಗೀತದ ಆಚೆಗೂ ಹೋಗಬೇಕಾಯಿತು.

ವಾರವೆಲ್ಲ ಪೊವಾಯಿಯ ಆಫೀಸು, ಭಾನುವಾರ ಡೊಂಬಿವಲಿಯಲ್ಲಿ ಗೆಳೆಯನ ಮನೆ. ನಾಲ್ಕು ಜನ, ನಾಲ್ಕು ಮಾತೃಭಾಷೆ, ಒಂದು ಕೋಣೆ. ಅಲ್ಲಿ ಪದೇ ಪದೇ ಏಳುವ ಚರ್ಚೆ ಒಂದೇ: ಈ ಬೇಸಿನ ನಿಜವಾದ ಟೋನ್ ಯಾವುದು? ಒಬ್ಬನಿಗೆ ಅದು ದುಂಡಗೆ, ದಪ್ಪಗೆ ಇರಬೇಕು. ಇನ್ನೊಬ್ಬನಿಗೆ ಪ್ರತಿ ಸ್ವರದ ಅಂಚೂ ಚೂಪಾಗಿ ಕೇಳಬೇಕು. ತಂತಿ ಅದೇ, ಬೆರಳು ಅವೇ. ಬದಲಾಗುವುದು ಪಿಕಪ್ ಎಂಬ ಒಂದು ಸಣ್ಣ ವಸ್ತು ಮತ್ತು ಅದನ್ನು ಕೂರಿಸಿದ ಜಾಗ.

ತಂಬೂರಿಗೆ ಬುರುಡೆಯಿದೆ, ಪಿಟೀಲಿಗೆ ಟೊಳ್ಳು ಮೈಯಿದೆ. ತಂತಿ ಮಿಡಿದರೆ ಆ ಮೈಯೇ ಮೊಳಗಿ ದನಿಯಾಗುತ್ತದೆ. ಎಲೆಕ್ಟ್ರಿಕ್ ಬೇಸಿನದು ಗಟ್ಟಿ ಮರದ ಹಲಗೆ. ಆಂಪಿಗೆ ಸಿಕ್ಕಿಸದೆ ನುಡಿಸಿದರೆ ಅದು ಪಕ್ಕದ ಕೋಣೆಗೂ ಕೇಳಿಸುವುದಿಲ್ಲ. ತಂತಿಗಳ ಕೆಳಗೆ ಹಲಗೆಯಲ್ಲಿ ಹುದುಗಿಸಿದ ಪಿಕಪ್ಪೇ ಅದರ ಕಿವಿ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ ಹಿಗ್ಗಿಸಿ ನಮಗೆ ಕೇಳಿಸುತ್ತದೆ. ನೈಲಾನ್ ತಂತಿ ಕಟ್ಟಿದರೆ ಈ ಕಿವಿಗೆ ಏನೂ ಕೇಳುವುದಿಲ್ಲ. ಇದು ಕೇಳುವುದು ಉಕ್ಕಿನ ಅಲುಗಾಟವನ್ನು ಮಾತ್ರ, ಅದೂ ತನ್ನ ನೆತ್ತಿಯ ಮೇಲೆ ನಡೆಯುವ ಅಲುಗಾಟವನ್ನು ಮಾತ್ರ.

ಮೀಟಿದ ತಂತಿ ಒಂದೇ ರೀತಿಯಲ್ಲಿ ಅಲುಗುವುದಿಲ್ಲ. ಇಡಿಯಾಗಿ ತೂಗುತ್ತದೆ, ಅದು ಮೂಲಸ್ವರ. ಅದೇ ಹೊತ್ತಿಗೆ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು ಭಾಗವಾಗಿಯೂ ತೂಗುತ್ತದೆ, ಅವು ಉಪಸ್ವರಗಳು. ಬೇಸಿನ ಅತಿ ದಪ್ಪ ತಂತಿಯ ಮೂಲಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಅದರ ಮೇಲೆ 82, 123, 165 ಹೀಗೆ ಒಂದೊಂದೇ ಏರುತ್ತವೆ. ತಂತಿಯ ನಡುವಿನ ಕಡೆ, ಅಂದರೆ ಕತ್ತಿನ ಬಳಿ ಪಿಕಪ್ ಇಟ್ಟರೆ ಮೂಲಸ್ವರದ ದೊಡ್ಡ ತೂಗಾಟ ಚೆನ್ನಾಗಿ ಸಿಗುತ್ತದೆ, ದನಿ ದುಂಡಗಾಗುತ್ತದೆ. ತಂತಿಯನ್ನು ಬಿಗಿದ ಬ್ರಿಜ್‌ನ ಬಳಿ ಇಟ್ಟರೆ ಅಲ್ಲಿ ಮೂಲಸ್ವರ ತೀರಾ ಕಿರಿದಾಗಿರುತ್ತದೆ, ಮೇಲಿನ ಉಪಸ್ವರಗಳು ಎದ್ದು ಬರುತ್ತವೆ. ದನಿ ತೆಳ್ಳಗೆ, ಚೂಪಗೆ, ಸ್ವಲ್ಪ ಮೂಗಿನಿಂದ ಮಾತಾಡಿದ ಹಾಗೆ.

ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ಗೆ ಇದ್ದದ್ದು ಒಂದೇ ಪಿಕಪ್. 1957ರಲ್ಲಿ ಅದನ್ನು ಎರಡು ತುಂಡಾಗಿಸಿ ಒಂದೊಂದು ತುಂಡಿಗೆ ಎರಡೆರಡು ತಂತಿ ಒಪ್ಪಿಸಿದರು. 1960ರಲ್ಲಿ ಬಂದ ಜಾಜ್ ಬೇಸ್‌ಗೆ ಎರಡು ಪಿಕಪ್: ಒಂದು ಕತ್ತಿನ ಕಡೆ, ಇನ್ನೊಂದು ಬ್ರಿಜ್ ಕಡೆ. ಡೆಟ್ರಾಯಿಟ್‌ನ ಮೋಟೌನ್ ಹಾಡುಗಳ ಕೆಳಗೆ ಜೇಮ್ಸ್ ಜೇಮರ್ಸನ್ ಪ್ರಿಸಿಷನ್ ಬೇಸಿನಲ್ಲಿ ಹಾಸಿದ ದುಂಡು ದನಿ ಒಂದು ಲೋಕ. ಜಾಕೋ ಪಾಸ್ಟೋರಿಯಸ್ ಜಾಜ್ ಬೇಸಿನ ಬ್ರಿಜ್ ಪಿಕಪ್ಪಿನಿಂದ ಹೊರಡಿಸಿದ, ಹಾಡುವ ಹಾಗಿರುವ ದನಿ ಇನ್ನೊಂದು ಲೋಕ. 1970ರ ದಶಕದಲ್ಲಿ ಜಾಜ್ ಬೇಸಿನ ಬ್ರಿಜ್ ಪಿಕಪ್ಪನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಬ್ರಿಜ್ ಕಡೆಗೆ ಸರಿಸಿದರು. 86 ಸೆಂಟಿಮೀಟರ್ ಉದ್ದದ ತಂತಿಯಲ್ಲಿ ಒಂದು ಸೆಂಟಿಮೀಟರ್ ಯಾವ ಲೆಕ್ಕ? ಆದರೂ 60ರ ದಶಕದ ಜಾಗ, 70ರ ದಶಕದ ಜಾಗ ಎಂದು ನುಡಿಸುವವರು ಇವತ್ತಿಗೂ ಎರಡು ಪಂಗಡವಾಗಿ ವಾದಿಸುತ್ತಾರೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಪಿಕಪ್ ಏನನ್ನು ಕೇಳುತ್ತದೆ ಎಂಬುದಕ್ಕಿಂತ, ಏನನ್ನು ಕೇಳಲಾರದು ಎಂಬುದು. ತಂತಿ ನಾಲ್ಕು ಭಾಗವಾಗಿ ತೂಗುವಾಗ ಆ ಭಾಗಗಳು ಕೂಡುವ ಜಾಗದಲ್ಲಿ ತಂತಿ ಅಲುಗುವುದಿಲ್ಲ. ಬೇಸಿನ ತಂತಿ 34 ಇಂಚು. ಬ್ರಿಜ್‌ನಿಂದ ಎಂಟೂವರೆ ಇಂಚಿನಲ್ಲಿ, ಸರಿಯಾಗಿ ಕಾಲುಭಾಗದಲ್ಲಿ ಪಿಕಪ್ ಕೂರಿಸಿದಿರಿ ಎನ್ನಿ. ಬಿಟ್ಟ ತಂತಿ ಮೀಟಿದಾಗ ನಾಲ್ಕನೆಯ ಉಪಸ್ವರ ಆ ಕಿವಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತಂತಿ ಅದನ್ನು ನುಡಿಯುತ್ತಿದೆ, ಗಟ್ಟಿಯಾಗಿಯೇ ನುಡಿಯುತ್ತಿದೆ. ಕೇಳುವವನು ನಿಂತ ಜಾಗದಲ್ಲಿ ಮಾತ್ರ ಅದು ಮೌನ. ಈಗ ಐದನೆಯ ಫ್ರೆಟ್ ಒತ್ತಿ. ತಂತಿ ಗಿಡ್ಡವಾಯಿತು, ಪಿಕಪ್ ಇದ್ದಲ್ಲೇ ಇದೆ. ಈಗ ಅದು ತಂತಿಯ ಮೂರನೇ ಒಂದು ಭಾಗದಲ್ಲಿ ನಿಂತಂತಾಯಿತು, ಕಳೆದುಹೋಗುವುದು ಮೂರನೆಯ ಉಪಸ್ವರ. ಹನ್ನೆರಡನೆಯ ಫ್ರೆಟ್ ಒತ್ತಿದರೆ ಸರಿಯಾಗಿ ನಡುವಿಗೆ ಬಂತು, ಎರಡನೆಯದೇ ಹೋಯಿತು. ಕಿವಿ ಅಲುಗಲಿಲ್ಲ, ಆದರೆ ಅದರ ಕಿವುಡು ಪ್ರತಿ ಸ್ವರಕ್ಕೂ ಬೇರೆ ಬೇರೆ.

ಹಾಗಾದರೆ ನಿಜವಾದ ಟೋನ್ ಯಾವುದು? ಯಾವ ಜಾಗವೂ ಅಲ್ಲದ ಜಾಗದಿಂದ ಕೇಳುವ ಪಿಕಪ್ ಇಲ್ಲ. ಇಲ್ಲಿಗೆ ಬಂದ ಮೇಲೆ ನಮ್ಮ ಕಾಲದ ಬುದ್ಧಿ ಥಟ್ಟನೆ ಒಂದು ತೀರ್ಮಾನ ಕೊಡುತ್ತದೆ: ಎಲ್ಲವೂ ಅವರವರ ದೃಷ್ಟಿ, ಯಾವುದು ಸರಿ ಯಾವುದು ತಪ್ಪು ಎನ್ನಲು ನಾವು ಯಾರು? ಕೇಳಲು ಉದಾರವಾಗಿದೆ. ಆದರೆ ಹಾಗೆ ಹೇಳಿದವನು ಯಾವುದಕ್ಕೂ ಜವಾಬ್ದಾರನಾಗಬೇಕಿಲ್ಲ. ಶ್ರವಣಬೆಳಗೊಳದ ನಾಡಿನವರಾದ ನಮಗೆ ಇದಕ್ಕಿಂತ ಬಿಗಿಯಾದ ಯೋಚನೆಯೊಂದು ಹಳೆಯದು. ಪ್ರತಿ ಮಾತೂ ಒಂದು ನಯ, ಒಂದು ನಿಲುವಿನಿಂದ ಕಂಡದ್ದು ಎನ್ನುತ್ತಾರೆ ಜೈನ ತಾರ್ಕಿಕರು. ಅಷ್ಟಕ್ಕೆ ನಿಲ್ಲುವುದಿಲ್ಲ. ತನ್ನ ನಿಲುವಿಗೆ ಸಿಗದೆ ಹೋದದ್ದು ಇಲ್ಲವೇ ಇಲ್ಲ ಎಂದು ಸಾಧಿಸುವ ನಯವನ್ನು ಅವರು ದುರ್ನಯ ಎಂದು ಕರೆಯುತ್ತಾರೆ. ಜಾಗ ಇರುವುದು ದೋಷವಲ್ಲ, ಜಾಗವಿದೆ ಎಂಬುದನ್ನು ಮರೆತು ತೀರ್ಪು ಕೊಡುವುದು ದೋಷ. ಪಿಕಪ್ಪಿಗೆ ಅದರ ಕಿವುಡು ಗೊತ್ತಿಲ್ಲ. ನನಗೆ ಗೊತ್ತಾಗಬಹುದು. ನೀತಿಯ ಪ್ರಶ್ನೆ ಶುರುವಾಗುವುದು ಅಲ್ಲಿಂದ ಎಂದು ನನ್ನ ನಂಬಿಕೆ.

ಎರಡೂ ಕಡೆ ಕೇಳಿದರೆ ಮುಗಿಯಿತಲ್ಲ ಎನ್ನಬಹುದು. ಜಾಜ್ ಬೇಸಿನಲ್ಲಿ ಅದಕ್ಕೂ ವ್ಯವಸ್ಥೆ ಇದೆ. ಎರಡೂ ಪಿಕಪ್ಪುಗಳ ತಿರುಪನ್ನು ಪೂರ್ತಿ ತಿರುಗಿಸಿದರೆ ಮೊದಲು ಆಗುವುದು ಒಂದು ಒಳ್ಳೆಯ ಕೆಲಸ. ಒಂದೇ ಸುರುಳಿಯ ಪಿಕಪ್ ಮನೆಯ ಕರೆಂಟಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ನಮ್ಮಲ್ಲಿ ಆ ಸದ್ದು 50 ಹರ್ಟ್ಜ್, ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ಜಿ ಸ್ವರ 49 ಹರ್ಟ್ಜ್. ಹಾಗಾಗಿ ಮುಂಬಯಿಯಲ್ಲಿ ನುಡಿಸುವವನ ಜಿ ಪಕ್ಕದಲ್ಲಿ ಕರೆಂಟು ಸದಾ ಕೂತಿರುತ್ತದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಮಾಡಿರುವುದರಿಂದ ಎರಡನ್ನೂ ಸಮನಾಗಿ ತೆರೆದಾಗ ಆ ಗುಂಯ್‌ಕಾರ ಕಳೆದುಹೋಗುತ್ತದೆ. ಆದರೆ ಜೊತೆಗೆ ನಡುದನಿಯಲ್ಲೂ ಒಂದು ತಗ್ಗು ಬೀಳುತ್ತದೆ. ಕೆಲವು ಉಪಸ್ವರಗಳಿಗೆ, ಒಂದು ಪಿಕಪ್ಪಿನ ಮೇಲೆ ತಂತಿ ಏಳುವ ಹೊತ್ತಿಗೆ ಇನ್ನೊಂದರ ಮೇಲೆ ಇಳಿಯುತ್ತಿರುತ್ತದೆ. ಎರಡನ್ನೂ ಕೂಡಿಸಿದರೆ ಸೊನ್ನೆ. ತುಂಬಿದ ಹಾಡಿನಲ್ಲಿ ಆ ಬೇಸ್ ಹುಡುಕಿದರೂ ಸಿಗುವುದಿಲ್ಲ.

ಎರಡು ಕಡೆ ಕೇಳಿದ ನಡುವಿನವನ ಈ ಕಿವುಡು ಏನೆಂದು ನನಗೆ ಅರ್ಥವಾದದ್ದು ಊರಿನ ಒಂದು ಪಾಲುಪಟ್ಟಿಯಲ್ಲಿ. ಧಾರವಾಡ ಜಿಲ್ಲೆಯ ನಮ್ಮೂರಿನಲ್ಲಿ ಹತ್ತಿರದ ಸಂಬಂಧಿಗಳಾದ ಅಣ್ಣತಮ್ಮಂದಿರಿಬ್ಬರ ನಡುವೆ ಹೊಲದ ತಕರಾರು. ‘ನೀ ಮುಂಬೈದಾಗ ಇರಾಂವ, ನಿನಗ ಯಾರ ಪಾರ್ಟಿನೂ ಇಲ್ಲ. ಇಬ್ಬರದೂ ಕೇಳು, ನೀ ಹೇಳಿದ್ದ ಅಖೈರು’ ಎಂದು ಕರೆಸಿದರು. ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ಈ ಕರೆ ಬಂದಿರಬಹುದು. ಊರು ಬಿಟ್ಟವನಿಗೆ ಊರು ಕೊಡುವ ಮರ್ಯಾದೆ ಅದು. ಅವ್ವನನ್ನು ಕೊನೆಗಾಲದಲ್ಲಿ ನೋಡಿಕೊಂಡವನು ನಾನು ಎಂದು ಅಣ್ಣ. ಅಲ್ಲ, ನಾನು ಎಂದು ತಮ್ಮ. ಒಬ್ಬನ ಮಾತು ಏಳುವಲ್ಲಿ ಇನ್ನೊಬ್ಬನದು ಬೀಳುತ್ತಿತ್ತು. ಕೂತ ಹಿರಿಯರು, ಇದು ಬಗೆಹರಿಯುವ ಮಾತಲ್ಲ, ನೋಡಿಕೊಂಡ ವಿಷಯ ಬಿಟ್ಟು ಹೊಲ ಸಮ ಹಂಚಿಬಿಡೋಣ ಎಂದರು. ನ್ಯಾಯವಾಗಿಯೇ ಕಾಣುತ್ತಿತ್ತು. ಆದರೆ ಆ ತಾಯಿ ಕಡೆಯ ಮೂರು ವರ್ಷ ಇದ್ದದ್ದು ಹುಬ್ಬಳ್ಳಿಯಲ್ಲಿ, ಮಗಳ ಮನೆಯಲ್ಲಿ. ಸಭೆಯಲ್ಲಿ ಅಕ್ಕ ಇರಲಿಲ್ಲ. ಆಕೆಯ ಸಹಿಗಾಗಿ ಹಕ್ಕು ಬಿಡುಗಡೆ ಪತ್ರ ಮಾತ್ರ ತಯಾರಿತ್ತು.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು 2005ರಲ್ಲಿ, ಕರ್ನಾಟಕದಲ್ಲಿ ಅದಕ್ಕೂ ಮುಂಚೆ 1994ರಲ್ಲೇ ಅಂಥದೊಂದು ಜಾರಿಯಾಗಿತ್ತು. ಕಾನೂನು ಹೀಗಿದ್ದರೂ ‘ಎರಡೂ ಕಡೆ’ ಎಂದಾಗ ಎಣಿಕೆಗೆ ಬಂದದ್ದು ಇಬ್ಬರೇ. ನಾನು ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ‘ನನ್ನ ಕೇಳಿದವರ ಯಾರು? ಕೇಳಿದ್ರ ಹೇಳತಿದ್ದೆ’ ಎಂದಳು. ಸಿಟ್ಟಿರಲಿಲ್ಲ, ದವಾಖಾನೆಯ ಚೀಟಿಗಳೆಲ್ಲ ಒಂದು ಚೀಲದಲ್ಲಿವೆ ಎಂದಳು. ಆ ಪತ್ರಕ್ಕೆ ಸಾಕ್ಷಿಯಾಗಿ ನಾನು ಸಹಿ ಹಾಕಲಿಲ್ಲ. ಪಾಲು ಇನ್ನೂ ಆಗಿಲ್ಲ, ಇಬ್ಬರೂ ನನ್ನೊಂದಿಗೆ ಮೊದಲಿನ ಹಾಗೆ ಮಾತಾಡುವುದಿಲ್ಲ. ನಡುವೆ ನಿಂತು ಕೇಳುವವನಿಗೆ ಗಲಾಟೆ ಕಡಿಮೆಯಾದದ್ದು ತಕ್ಷಣ ತಿಳಿಯುತ್ತದೆ. ಗಲಾಟೆಯ ಜೊತೆ ಇನ್ನೇನು ಹೋಯಿತು ಎಂದು ತಿಳಿಯಬೇಕಾದರೆ ಎದ್ದು ಹೊರಗೆ ಹೋಗಬೇಕಾಗುತ್ತದೆ.

ಹಾಗೆಂದು ಹತ್ತಿರ ಹತ್ತಿರ ಹೋಗುತ್ತಲೇ ಇದ್ದರೆ ಚೆನ್ನಾಗಿ ಕೇಳುತ್ತದೆ ಎಂದೂ ಇಲ್ಲ. ಪಿಕಪ್ಪಿನ ತಿರುಪು ತಿರುಗಿಸಿ ತಂತಿಗೆ ತೀರಾ ಸಮೀಪ ಎತ್ತಿದರೆ ದನಿ ಜೋರಾಗುತ್ತದೆ, ಆದರೆ ಅಯಸ್ಕಾಂತ ತಂತಿಯನ್ನೇ ತನ್ನ ಕಡೆಗೆ ಸೆಳೆಯತೊಡಗುತ್ತದೆ. ಸ್ವರ ಬೇಗ ಸಾಯುತ್ತದೆ, ಶ್ರುತಿ ತೊದಲುತ್ತದೆ. ಈಗ ಕೇಳುತ್ತಿರುವುದು ತಂತಿಯನ್ನೋ, ತಂತಿಯ ಮೇಲೆ ತನ್ನದೇ ಸೆಳೆತವನ್ನೋ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಕಷ್ಟದಲ್ಲಿರುವವರ ಎದುರು ನೋಟ್‌ಬುಕ್ ಹಿಡಿದು ಕೂತಾಗ, ಬೆಳೆದ ಮಗಳ ಮೊಬೈಲು ನೋಡಲು ಬಗ್ಗಿದಾಗ, ನಾವು ಎಷ್ಟು ಹತ್ತಿರ ಎಂಬುದೂ ಒಂದು ಪ್ರಶ್ನೆಯೇ.

ಈಗ ಡೊಂಬಿವಲಿಗೆ ವಾಪಸು ಬರುತ್ತೇನೆ. ಗೆಳೆಯನ ಮನೆಯ ಕೆಳಗೆ ಸೊಲ್ಲಾಪುರ ಕಡೆಯ ಹಿರಿಯ ಹೆಂಗಸೊಬ್ಬರಿದ್ದಾರೆ, ಮನೆಮಾತು ಕನ್ನಡ. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ, ‘ಆಯಿ, ನಮ್ಮ ಹಾಡಿನಿಂದ ನಿಮಗ ತೊಂದರಿ ಆಗತದೇನು?’ ಎಂದು ಕೇಳಿದೆ. ‘ತಮ್ಮಾ, ನಿಮ್ಮ ಹಾಡು ನಮಗ ಕೇಳಂಗಿಲ್ಲ. ಗ್ವಾಡಿ ಅಷ್ಟ ಕೇಳತೈತಿ’ ಎಂದರು. ಅದಕ್ಕಿಂತ ನಿಖರವಾಗಿ ಯಾವ ಧ್ವನಿವಿಜ್ಞಾನಿಯೂ ಹೇಳಲಾರ. ಗೋಡೆ, ಸ್ಲ್ಯಾಬುಗಳು ಮೇಲುದನಿಯನ್ನು ತಡೆಯುತ್ತವೆ, ಕೆಳದನಿಯನ್ನು ದಾಟಿಸುತ್ತವೆ. ಮುಂದಿನ ಭಾನುವಾರ ನಾನು ಅವರ ಅಡುಗೆಮನೆಯಲ್ಲಿ ಕೂತು, ಮೇಲೆ ನನ್ನ ಬೇಸನ್ನು ಗೆಳೆಯನಿಗೆ ನುಡಿಸಲು ಹೇಳಿದೆ. ರಾಗವಿಲ್ಲ, ಮಾತಿಲ್ಲ. ಗ್ಯಾಸ್ ಕಟ್ಟೆಯ ಮೇಲೆ ಸ್ಟೀಲ್ ಲೋಟವೊಂದು ಸಣ್ಣಗೆ ನಡುಗುತ್ತಿತ್ತು.

ಸ್ಟುಡಿಯೋದಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಮೀಟರು ತಂದು ಅಲ್ಲೇ ಅಳೆದರು. ಹಗಲಿನ ಮಿತಿಯೊಳಗೇ ಇತ್ತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ಆದರೆ ಆ ಡೆಸಿಬೆಲ್ಲಿನ ಪಕ್ಕ ‘ಎ’ ಎಂಬ ಅಕ್ಷರವಿದೆ. ಮೆಲುದನಿಯನ್ನು ಮನುಷ್ಯನ ಕಿವಿ ಹೇಗೆ ಕೇಳುತ್ತದೆ ಎಂಬುದಕ್ಕೆ ಹೊಂದಿಸಿ, ಕೆಳಗಿನ ಕಂಪನಗಳನ್ನು ತಗ್ಗಿಸಿ ಎಣಿಸುವ ಪದ್ಧತಿ ಅದು. 50 ಹರ್ಟ್ಜ್ ಬಳಿ ತಗ್ಗಿಸುವುದು ಸುಮಾರು 30 ಡೆಸಿಬೆಲ್, ಅಂದರೆ ಶಕ್ತಿಯ ಲೆಕ್ಕದಲ್ಲಿ ಸಾವಿರದಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ. ಮೀಟರನ್ನು ‘ಸಿ’ಗೆ ಬದಲಿಸಿದಾಗ ಅಂಕಿ ಒಮ್ಮೆಲೇ ಜಿಗಿಯಿತು, ಅದು ಕೆಳದನಿಯನ್ನು ಹೆಚ್ಚುಕಡಿಮೆ ಇದ್ದಂತೆ ಎಣಿಸುತ್ತದೆ. ನಿಯಮ ಮಾಡಿದವರು ಕೇಡು ಬಗೆದು ‘ಎ’ ಆರಿಸಿದರು ಎನ್ನಲಾರೆ. ಅದೊಂದು ಪಿಕಪ್, ಒಂದು ಜಾಗದಲ್ಲಿ ಕೂತಿದೆ. ಆದರೆ ಗಣೇಶೋತ್ಸವದ ಡಿಜೆ ಲಾರಿ ಹೋಗುವಾಗ ಎದೆ ಅದುರಿತು ಎನ್ನುವವರಿಗೆ ಬರೀ ಆ ಅಂಕಿ ತೋರಿಸಿ ನಿಮ್ಮ ದೂರು ಸುಳ್ಳು ಎಂದರೆ, ಆ ಕ್ಷಣಕ್ಕೆ ಅದು ದುರ್ನಯವಾಗುತ್ತದೆ.

ಧೋಬಿ ತಲಾವ್‌ನ ರಂಗಭವನದ ಕತೆಯೂ ಇಲ್ಲಿ ನೆನಪಾಗುತ್ತದೆ. 1978ರಲ್ಲಿ ಜಾಜ್ ಯಾತ್ರಾ ಶುರುವಾದದ್ದು ಆ ಬಯಲು ರಂಗಮಂದಿರದಲ್ಲಿ, ಆಮೇಲೆ ಇಂಡಿಪೆಂಡೆನ್ಸ್ ರಾಕ್ ನಡೆದದ್ದೂ ಅಲ್ಲೇ. ಸುತ್ತ ಆಸ್ಪತ್ರೆ, ಕಾಲೇಜು. ನಿಶ್ಶಬ್ದ ವಲಯವೆಂಬ ಕಾರಣಕ್ಕೆ 2000ರ ದಶಕದ ಆರಂಭದಲ್ಲಿ ಅಲ್ಲಿನ ಕಛೇರಿಗಳು ನಿಂತವು. ನಗರದ ರಾಕ್ ಪ್ರೇಮಿಗಳು ಇವತ್ತಿಗೂ ಅದನ್ನು ದುಃಖದಿಂದ ನೆನೆಯುತ್ತಾರೆ. ನನಗೂ ಆ ದುಃಖ ಅರ್ಥವಾಗುತ್ತದೆ. ಅದೇ ಸಂಜೆ ವಾರ್ಡಿನಲ್ಲಿ ಮಲಗಿದ್ದವರಿಗೆ ಸಿಕ್ಕಿರಬಹುದಾದದ್ದು ಹಾಡಲ್ಲ, ಗೋಡೆ. ಎರಡೂ ನಿಜ. ನಾವು ಭಾನುವಾರದ ಆಂಪನ್ನು ಕೈಬಿಟ್ಟು ಹೆಡ್‌ಫೋನಿನಲ್ಲಿ ನುಡಿಸುತ್ತೇವೆ. ಅದರಿಂದ ನಮಗೆ ಆಗಿರುವ ನಷ್ಟ ಸಣ್ಣದಲ್ಲ, ಎದೆಗೆ ಬಡಿಯದ ಬೇಸ್ ಅರ್ಧ ಬೇಸ್. ನಷ್ಟವನ್ನು ನಷ್ಟವೆಂದೇ ಒಪ್ಪಿಕೊಂಡು ಮಾಡುತ್ತಿದ್ದೇವೆ.

ಕೊನೆಯದಾಗಿ ನಮ್ಮ ಕಿವಿಯದೇ ಒಂದು ಗುಣ ಹೇಳಬೇಕು. ಆರ್.ಡಿ. ಬರ್ಮನ್ ಅವರ ಹಾಡುಗಳಲ್ಲಿ ಟೋನಿ ವಾಜ್ ನುಡಿಸಿದ ಬೇಸನ್ನು ನಮ್ಮಲ್ಲಿ ಬಹಳಷ್ಟು ಜನ ಕೇಳಿದ್ದು ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ. ಅಷ್ಟು ಸಣ್ಣ ಸ್ಪೀಕರು 41 ಹರ್ಟ್ಜ್ ಹೊರಡಿಸಲಾರದು. ಆದರೂ ಬೇಸ್ ಕೇಳುತ್ತಿತ್ತು. 82, 123, 165 ಎಂಬ ಉಪಸ್ವರಗಳು ಬಂದರೆ ಅವುಗಳ ನಡುವಿನ ಅಂತರ ನೋಡಿ, ಇಲ್ಲದ 41ನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಹಳೆಯ ಟೆಲಿಫೋನು ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಜ್. ಗಂಡಸರದಾಗಲಿ ಹೆಂಗಸರದಾಗಲಿ, ಮಾತಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. ಅಂದರೆ ಎಸ್‌ಟಿಡಿ ಬೂತಿನಲ್ಲಿ ಸಾಲುಗಟ್ಟಿ ನಿಂತು ನಾವು ಕೇಳಿಸಿಕೊಂಡ ಅವ್ವನ ದನಿಯ ಬುಡ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ನಾವು ಇಲ್ಲಿ ನಿಂತು ಅದನ್ನು ಕಟ್ಟಿಕೊಳ್ಳುತ್ತಿದ್ದೆವು.

ಎಂಥ ಕೃಪೆ ಅದು ಎಂದು ಮೊದಲು ಅನ್ನಿಸಿತು. ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ತುಂಬಿಕೊಳ್ಳುವವನು ತನಗೆ ಗೊತ್ತಿರುವುದನ್ನೇ ತುಂಬಿಕೊಳ್ಳುತ್ತಾನೆ. ‘ಇಲ್ಲೆ ಎಲ್ಲಾ ಆರಾಮ ಐತಿ, ನೀ ಕಾಳಜಿ ಮಾಡಬ್ಯಾಡ’ ಎಂದು ಅವ್ವ ಅಂದಾಗ ಅದರ ಕೆಳಗಿನ ಸ್ವರವನ್ನು ನಾನು ನನ್ನ ಅನುಕೂಲಕ್ಕೆ ತಕ್ಕಂತೆ ಹಾಕಿಕೊಳ್ಳಬಲ್ಲೆ. ರಜೆ ಸಿಗದ ವರ್ಷ ಅದು ನೆಮ್ಮದಿಯ ಸ್ವರವಾಗಿ ಕೇಳುವ ಸಾಧ್ಯತೆ ಹೆಚ್ಚು. ಅದಕ್ಕೇ ಈಗೀಗ ಅವ್ವನ ಜೊತೆ ಮಾತಾಡಿದ ಮೇಲೆ ಪಕ್ಕದ ಮನೆಯ ಕಾಕೂಗೂ ಒಂದು ಫೋನ್ ಮಾಡುತ್ತೇನೆ. ಆಕೆ ಹೇಳುವುದೂ ಪೂರ್ತಿಯಲ್ಲ ಎಂದು ಗೊತ್ತಿದೆ, ಆಕೆಗೂ ನಮ್ಮ ಮನೆಯ ಮೇಲೆ ಆಕೆಯದೇ ಒಂದು ಕಣ್ಣಿದೆ. ಆದರೆ ಅವ್ವ ಬಾವಿಕಟ್ಟೆಗೆ ಹೋಗುವುದನ್ನು ಬಿಟ್ಟು ಎರಡು ತಿಂಗಳಾಯಿತು, ಮೊಣಕಾಲು ನೋವಂತೆ ಎಂದು ಹೇಳಿದ್ದು ಆಕೆಯೇ. ನಾನು ನಿಂತ ಜಾಗಕ್ಕೆ ಆ ಮಾತು ಎಂದೂ ಬಂದು ಮುಟ್ಟುತ್ತಿರಲಿಲ್ಲ.